ಹಡಗು ಕಟ್ಟುವ ಕೈಗಳು

ವಿಶಾಖಪಟ್ಟಣದಲ್ಲಿ ನೆಲೆಸಿದ ನಮಗೆ ಇಲ್ಲಿನ ಹಡಗು ಕಾರ್ಖಾನೆ ಬೇರೆಯವರದೆಂಬ ಭಾವನೆ ಉಂಟು. ಅದು ಪೂರ್ತಿ ಸರಿಯಲ್ಲ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಆರು ತಿಂಗಳಲ್ಲೇ, 1941ರ ಜೂನ್ 21ರಂದು, ಅವರ ಸಿಂಧಿಯಾ ಕಂಪನಿಯ ಹಡಗು ಕಾರ್ಖಾನೆಗೆ ಬಾಬು ರಾಜೇಂದ್ರಪ್ರಸಾದರು ಇಲ್ಲಿ ಅಡಿಗಲ್ಲಿಟ್ಟರು. ಮರುವರ್ಷ ಏಪ್ರಿಲ್ 6ರಂದು ಊರಿಗೆ ಜಪಾನೀಯರ ಬಾಂಬು ಬಿತ್ತು, ಕೆಲಸ ಕುಂಟಿತು. 1948ರ ಮಾರ್ಚ್ 14ರಂದು ನೆಹರೂರವರು ‘ಜಲ ಉಷಾ’ ಹಡಗನ್ನು ನೀರಿಗಿಳಿಸಿದರು. 1952ರಲ್ಲಿ ಇದು ಹಿಂದೂಸ್ತಾನ್ ಷಿಪ್‌ಯಾರ್ಡ್ ಆಯಿತು.

ಉಕ್ಕಿನ ತಗಡು ಕೂಡಿಸುವ ಪ್ಲೇಟರ್, ವೆಲ್ಡರ್, ಪೈಪ್ ಫಿಟ್ಟರ್ ಇವರೆಲ್ಲ ವರ್ಷಗಟ್ಟಲೆ ಪಳಗಬೇಕು. 1977ರಲ್ಲಿ ಬಹರೇನಿನಲ್ಲಿ, 1983ರಲ್ಲಿ ದುಬೈಯಲ್ಲಿ ಹಡಗು ದುರಸ್ತಿಯ ದೊಡ್ಡ ಡ್ರೈಡಾಕ್‌ಗಳು ತೆರೆದಾಗ ಇಂಥ ಕೈಗಳಿಗೆ ಬೆಲೆ ಬಂತು. ವಿಜಯವಾಡ ಜಂಕ್ಷನ್ ದಾಟಿ ಮುಂಬಯಿಯತ್ತ ಹೊರಟವರಲ್ಲಿ, ಏಜೆಂಟನಿಗೆ ಮನೆಯೊಡವೆ ಸುರಿದು ಬರಿಗೈಲಿ ಮರಳಿದವರೂ ಉಂಟು.

1983ರ ವಲಸೆ ಕಾಯಿದೆ ಏಜೆಂಟರಿಗೆ ಸರ್ಕಾರಿ ನೋಂದಣಿಯನ್ನು ಕಡ್ಡಾಯ ಮಾಡಿತು. ಮಗನೋ ಅಳಿಯನೋ ಹೊರಡುವ ಮುನ್ನ ಆ ನೋಂದಣಿಪತ್ರವನ್ನೂ ಕರಾರನ್ನೂ ನಾವು ಓದಿ ನೋಡೋಣ. ಕಚೇರಿಗಳಲ್ಲಿ ಕಾಗದ ಓದುವ ಅಭ್ಯಾಸ ನಮಗೆ ಇದ್ದೇ ಇದೆಯಲ್ಲ!