ಚಾಲನೆಯಲ್ಲಿ ಮೊಬೈಲ್ ಬಳಕೆ: ನಾಗಸಂದ್ರದ ತುಮಕೂರು ರಸ್ತೆಯ ಹಿನ್ನೆಲೆಯಲ್ಲಿ ಗಮನ, ಕಾನೂನು ಮತ್ತು ದುಡಿಮೆ

ವಾಹನ ಚಲಾಯಿಸುತ್ತ ಮೊಬೈಲ್ ಬಳಸುವವರು ಅಪಘಾತಕ್ಕೀಡಾಗುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿರುವ ಅಂದಾಜು. ಫೋನು ಕೈಯಲ್ಲಿದ್ದರೂ ಇಯರ್‌ಫೋನಿನಲ್ಲಿ ಮಾತು ನಡೆದಿದ್ದರೂ ಅಪಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದೂ ಅದೇ ಸಂಸ್ಥೆ ಎಚ್ಚರಿಸಿದೆ. ಭಾರತದ ಮೋಟಾರು ವಾಹನ ಕಾನೂನು ಮಾತ್ರ ಕೈಯಲ್ಲಿ ಹಿಡಿದ ಫೋನನ್ನೇ ಅಪರಾಧವೆಂದು ಗುರುತಿಸುತ್ತದೆ. ವಿಜ್ಞಾನ ಹೇಳುವುದಕ್ಕೂ ಕಾನೂನು ತಡೆಯುವುದಕ್ಕೂ ನಡುವಿನ ಈ ಅಂತರವನ್ನು ಉತ್ತರ ಬೆಂಗಳೂರಿನ ನಾಗಸಂದ್ರದ ಸಂಚಾರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ರಸ್ತೆಯ ಸ್ವರೂಪ

ನಾಗಸಂದ್ರ ಇರುವುದು ತುಮಕೂರು ರಸ್ತೆಯ ಮೇಲೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದ ಈ ಮಾರ್ಗ ಈಗ ಹೆದ್ದಾರಿ 48. ಮುಂಬೈ, ಪುಣೆ, ಹುಬ್ಬಳ್ಳಿ ಕಡೆಯ ಲಾರಿಗಳೂ ಮಲೆನಾಡು, ಕರಾವಳಿ, ಉತ್ತರ ಕರ್ನಾಟಕದ ಬಸ್ಸುಗಳೂ ನಗರಕ್ಕೆ ಬರುವ ಹೆಬ್ಬಾಗಿಲು ಇದು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶವಿರುವುದರಿಂದ ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರ ದ್ವಿಚಕ್ರ ವಾಹನಗಳು ಒಟ್ಟಿಗೆ ರಸ್ತೆಗಿಳಿಯುತ್ತವೆ. 2015ರ ಮೇ 1ರಂದು ಮೆಟ್ರೊ ಹಸಿರು ಮಾರ್ಗ ನಾಗಸಂದ್ರವನ್ನು ತಲುಪಿತು. 2024ರ ನವೆಂಬರ್‌ನಲ್ಲಿ ಅದು ಮಾದಾವರದವರೆಗೆ ವಿಸ್ತರಣೆಗೊಳ್ಳುವ ತನಕ, ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ, ನಾಗಸಂದ್ರವೇ ಕೊನೆಯ ನಿಲ್ದಾಣವಾಗಿತ್ತು. ಹೀಗಾಗಿ ನಿಲ್ದಾಣದ ಆಸುಪಾಸು ಆಟೊ, ಕ್ಯಾಬ್, ಬೈಕುಗಳು ಸೇರುವ ತಾಣವಾಗಿ ಬೆಳೆಯಿತು.

ಗೊರಗುಂಟೆಪಾಳ್ಯದಿಂದ ಬರುವ ಪೀಣ್ಯ ಮೇಲ್ಸೇತುವೆ ಇಳಿಯುವುದೂ ಇಲ್ಲೇ. ತಡೆಯಿಲ್ಲದೆ ವೇಗವಾಗಿ ಬಂದ ವಾಹನ ಕೆಳಗಿನ ನಿಧಾನದ ಸಂಚಾರಕ್ಕೆ ಸೇರಿಕೊಳ್ಳುತ್ತದೆ. ಸರ್ವಿಸ್ ರಸ್ತೆಯಿಂದ ನುಗ್ಗುವ ಬೈಕು, ಎದುರು ದಿಕ್ಕಿನಲ್ಲಿ ಬರುವ ಸ್ಕೂಟರು, ಮೆಟ್ರೊ ಇಳಿದು ರಸ್ತೆ ದಾಟುವ ಜನ, ಪ್ರಯಾಣಿಕರಿಗಾಗಿ ತಟ್ಟನೆ ನಿಲ್ಲುವ ಆಟೊ ಎಲ್ಲವನ್ನೂ ಚಾಲಕ ಏಕಕಾಲಕ್ಕೆ ಗಮನಿಸಬೇಕಾಗುತ್ತದೆ. ಇಂಥ ರಸ್ತೆಯಲ್ಲಿ ಕ್ಷಣಮಾತ್ರದ ಅಲಕ್ಷ್ಯಕ್ಕೂ ತೆರಬೇಕಾದ ಬೆಲೆ ದೊಡ್ಡದು.

2. ಗಮನ ಹಂಚಿಹೋಗುವ ಬಗೆ

ಫೋನು ಚಾಲಕನ ಗಮನವನ್ನು ನಾಲ್ಕು ದಾರಿಗಳಲ್ಲಿ ಸೆಳೆಯುತ್ತದೆ. ಕಣ್ಣು ಪರದೆಯತ್ತ ತಿರುಗುತ್ತದೆ, ಕೈ ಹ್ಯಾಂಡಲ್ ಅಥವಾ ಸ್ಟೀರಿಂಗ್ ಬಿಡುತ್ತದೆ, ಕಿವಿ ಹೊರಗಿನ ಸದ್ದಿಗೆ ಮುಚ್ಚಿಕೊಳ್ಳುತ್ತದೆ, ಮನಸ್ಸು ಮಾತಿನ ವಿಷಯದಲ್ಲಿ ಮುಳುಗುತ್ತದೆ. ಮೊದಲ ಎರಡು ನೋಡುವವರಿಗೆ ಕಾಣುತ್ತವೆ. ಕೊನೆಯದು ಯಾರಿಗೂ ಕಾಣದು. ಚಾಲಕನಿಗೇ ಅದರ ಅರಿವಿರುವುದಿಲ್ಲ.

ಈ ಕುರಿತ ಆರಂಭದ ಮಹತ್ವದ ಅಧ್ಯಯನ ಕೆನಡಾದ ಟೊರಾಂಟೊದಲ್ಲಿ ನಡೆಯಿತು. ರೆಡೆಲ್ಮಿಯರ್ ಮತ್ತು ಟಿಬ್‌ಶಿರಾನಿ 1997ರಲ್ಲಿ ಪ್ರಕಟಿಸಿದ ಈ ಸಂಶೋಧನೆ, ಅಪಘಾತಕ್ಕೊಳಗಾದ 699 ಚಾಲಕರ ಸುಮಾರು 27 ಸಾವಿರ ಕರೆಗಳ ದಾಖಲೆಯನ್ನು ಪರಿಶೀಲಿಸಿತು. ಅಪಘಾತಕ್ಕೆ ಮುಂಚಿನ ಕೆಲವು ನಿಮಿಷಗಳಲ್ಲಿ ಚಾಲಕ ಫೋನು ಬಳಸಿದ್ದನೇ ಎಂಬುದನ್ನು, ಅದೇ ಚಾಲಕ ಹಿಂದಿನ ದಿನಗಳ ಅದೇ ಹೊತ್ತಿನಲ್ಲಿ ಬಳಸಿದ್ದನೇ ಎಂಬುದರೊಂದಿಗೆ ಹೋಲಿಸಲಾಯಿತು. ಆಗ ಅಪಾಯ 4.3 ಪಟ್ಟು ಹೆಚ್ಚಿರುವುದು ಕಂಡುಬಂತು. ಕೈಗೆ ಬಿಡುವು ಕೊಡುವ ಸಾಧನಗಳಿಂದ ವಿಶೇಷ ಪ್ರಯೋಜನ ಕಾಣಲಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 456 ಚಾಲಕರನ್ನು ಆಧರಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ತೀರ್ಮಾನಕ್ಕೆ ಬಂತು.

ಇದಕ್ಕೆ ಕಾರಣವನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಚಾಲನಾ ಸಿಮ್ಯುಲೇಟರ್ ಪ್ರಯೋಗಗಳಿಂದ ತೋರಿಸಿದರು. ಫೋನಿನಲ್ಲಿ ಮಾತಾಡುವ ಚಾಲಕನ ಕಣ್ಣು ರಸ್ತೆಯ ಮೇಲೇ ನೆಟ್ಟಿದ್ದರೂ ಎದುರಿನದು ಅವನ ಮನಸ್ಸಿಗೆ ತಟ್ಟುವುದಿಲ್ಲ. ಕಣ್ಣಿಗೆ ಬಿದ್ದ ಫಲಕವನ್ನೂ ಆಮೇಲೆ ಗುರುತಿಸಲಾರ. ಪಕ್ಕದಲ್ಲಿ ಕುಳಿತವರೊಡನೆ ಆಡುವ ಮಾತಿಗೂ ಇದಕ್ಕೂ ವ್ಯತ್ಯಾಸವಿದೆ. ಎದುರಿಗೆ ಲಾರಿ ಅಡ್ಡ ಬಂದರೆ ಪಕ್ಕದವರು ತಾವಾಗಿ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆ ಬದಿಯವರಿಗೆ ರಸ್ತೆ ಕಾಣದು, ಅವರ ಮಾತು ನಿಲ್ಲದು.

ಸಂದೇಶ ಟೈಪಿಸುವುದು ಇನ್ನೂ ಘೋರ. ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆ 2009ರಲ್ಲಿ ಲಾರಿ ಚಾಲಕರ ಕುರಿತು ಹೊರತಂದ ಅಧ್ಯಯನದ ಪ್ರಕಾರ, ಸಂದೇಶ ಕಳುಹಿಸುವಾಗ ಅಪಘಾತ ಅಥವಾ ಅದರ ಅಂಚಿಗೆ ಹೋಗುವ ಸಾಧ್ಯತೆ 23 ಪಟ್ಟು ಹೆಚ್ಚು. ಆರು ಸೆಕೆಂಡುಗಳ ಅವಧಿಯಲ್ಲಿ ಚಾಲಕರ ಕಣ್ಣು ಸರಾಸರಿ 4.6 ಸೆಕೆಂಡು ರಸ್ತೆ ಬಿಟ್ಟು ಬೇರೆಡೆ ಇತ್ತು. ಈ ಲೆಕ್ಕವನ್ನು ತುಮಕೂರು ರಸ್ತೆಗೆ ಅನ್ವಯಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ 4.6 ಸೆಕೆಂಡಿನಲ್ಲಿ 51 ಮೀಟರ್ ಕ್ರಮಿಸುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಸುಮಾರು 77 ಮೀಟರ್ ದಾಟುತ್ತದೆ. ಮೇಲ್ಸೇತುವೆ ಇಳಿಯುವ ಕಡೆ ಅಷ್ಟು ದೂರದೊಳಗೆ ಮುಂದಿನ ವಾಹನ ನಿಂತಿರುವುದು ದಿನನಿತ್ಯದ ಸಂಗತಿ.

3. ಅಂಕಿಅಂಶಗಳ ಮಿತಿ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2021ರ ವರದಿಯಂತೆ ದೇಶದಲ್ಲಿ ಆ ವರ್ಷ 4,12,432 ಅಪಘಾತಗಳು ಸಂಭವಿಸಿ 1,53,972 ಜನ ಸತ್ತರು. ಇವುಗಳಲ್ಲಿ ಮೊಬೈಲ್ ಬಳಕೆಯಿಂದ ಎಂದು ದಾಖಲಾದ ಅಪಘಾತಗಳು 1,997, ಸಾವುಗಳು 1,040. ಅಂದರೆ ಒಟ್ಟು ಅಪಘಾತಗಳಲ್ಲಿ ಮೊಬೈಲಿನ ಪಾಲು ಶೇ. 0.5ರಷ್ಟೂ ಇಲ್ಲ.

ಈ ಸಂಖ್ಯೆಯನ್ನು ಇದ್ದಂತೆ ಒಪ್ಪುವುದು ಕಷ್ಟ. ಕುಡಿದು ಓಡಿಸಿದ್ದನ್ನು ಉಸಿರಿನ ಪರೀಕ್ಷೆ ಹೇಳುತ್ತದೆ. ಫೋನು ಬಳಸಿದ್ದಕ್ಕೆ ದೇಹದಲ್ಲಿ ಕುರುಹು ಉಳಿಯುವುದಿಲ್ಲ. ಚಾಲಕ ತಾನಾಗಿ ಒಪ್ಪುವುದಿಲ್ಲ, ಸತ್ತಿದ್ದರೆ ಹೇಳುವವರೇ ಇಲ್ಲ. ಕರೆಗಳ ದಾಖಲೆ ತರಿಸಿದರೂ ಆ ನಿಮಿಷದಲ್ಲಿ ಪರದೆ ನೋಡುತ್ತಿದ್ದನೇ ಎಂಬುದು ಅದರಲ್ಲಿ ಸಿಗದು. ಹೀಗಾಗಿ ಇಂಥ ಅನೇಕ ಪ್ರಕರಣಗಳು ಅತಿವೇಗ ಅಥವಾ ಅಜಾಗರೂಕತೆಯ ಪಟ್ಟಿಗೆ ಸೇರುವ ಸಂಭವವಿದೆ. ಇನ್ನೊಂದು ಸೂಚನೆಯೂ ಗಮನಾರ್ಹ. ಒಟ್ಟು ಅಪಘಾತಗಳಲ್ಲಿ ನೂರಕ್ಕೆ 37ರಂತೆ ಸಾವು ಸಂಭವಿಸಿದ್ದರೆ ಮೊಬೈಲ್ ಪ್ರಕರಣಗಳಲ್ಲಿ ಅದು ನೂರಕ್ಕೆ 52. ತೀವ್ರ ಸ್ವರೂಪದ ಪ್ರಕರಣಗಳಲ್ಲಿ ಮಾತ್ರ ಫೋನಿನ ಪಾತ್ರ ತನಿಖೆಗೆ ಒಳಪಡುತ್ತದೆಂದು ಇದರಿಂದ ಊಹಿಸಬಹುದು.

4. ಕಾನೂನು ಬೆಳೆದುಬಂದ ದಾರಿ

ಮೋಟಾರು ವಾಹನ ಕಾಯ್ದೆ ಬಂದದ್ದು 1988ರಲ್ಲಿ. ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಮೂಲ ಕಾಯ್ದೆಯಲ್ಲಿ ಮೊಬೈಲಿನ ಉಲ್ಲೇಖವಿಲ್ಲದಿರುವುದು ಆದ್ದರಿಂದ ಸಹಜ. ಮುಂದೆ ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮಕ್ಕೆ, ಲೈಸೆನ್ಸ್ ರದ್ದತಿಗೆ ಕಾರಣವಾಗುವ ಕೃತ್ಯಗಳ ಸಾಲಿಗೆ, ಚಾಲನೆಯ ವೇಳೆ ಮೊಬೈಲ್ ಬಳಕೆ ಸೇರಿತು. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ, ಇಂಥ ಚಾಲಕರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕೆಂದು ರಾಜ್ಯಗಳಿಗೆ ಸೂಚಿಸಿತು.

ಆದರೂ ಸ್ಪಷ್ಟತೆ ಇರಲಿಲ್ಲ. ಸಾರ್ವಜನಿಕರ ಸುರಕ್ಷತೆಗೆ ಅಪಾಯ ತರದ ಹೊರತು ಚಾಲನೆಯಲ್ಲಿ ಫೋನಿನಲ್ಲಿ ಮಾತಾಡುವುದು ಕೇರಳ ಪೊಲೀಸ್ ಕಾಯ್ದೆಯಡಿ ಅಪರಾಧವಾಗದು ಎಂದು ಕೇರಳ ಹೈಕೋರ್ಟ್ 2018ರಲ್ಲಿ ಹೇಳಿತು. ಮೋಟಾರು ವಾಹನ ಕಾಯ್ದೆಗೆ ತಂದ 2019ರ ತಿದ್ದುಪಡಿ ಈ ಕೊರತೆ ತುಂಬಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಪರಿಷ್ಕೃತ 184ನೇ ಸೆಕ್ಷನ್, ಕೈಯಲ್ಲಿ ಹಿಡಿದು ಬಳಸುವ ಸಂವಹನ ಸಾಧನವನ್ನು ಅಪಾಯಕಾರಿ ಚಾಲನೆಯ ವಿವರಣೆಯಲ್ಲಿ ಹೆಸರಿಸಿತು. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂರು ವರ್ಷಗಳೊಳಗೆ ಮರುಕಳಿಸಿದರೆ ಎರಡು ವರ್ಷಗಳವರೆಗಿನ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ. 2020ರ ಅಕ್ಟೋಬರ್ 1ರಿಂದ ನಿಯಮಗಳಲ್ಲಿ ಇನ್ನೊಂದು ಅಂಶ ಸೇರಿತು. ಚಾಲಕನ ಏಕಾಗ್ರತೆ ಕೆಡದಂತೆ ದಾರಿ ನೋಡುವುದಕ್ಕಷ್ಟೇ ಫೋನು ಬಳಸಬಹುದು ಎಂಬುದೇ ಆ ಅಂಶ.

ಕಿವಿಗೆ ಸಿಕ್ಕಿಸಿದ ಬ್ಲೂಟೂತ್ ಸಾಧನದ ಮಾತು ಈ ಚೌಕಟ್ಟಿನಿಂದ ಹೊರಗೇ ಉಳಿಯುತ್ತದೆ. ಕೈ ಖಾಲಿ ಇದ್ದರೆ ಸುರಕ್ಷಿತ ಎಂಬ ತಪ್ಪು ನಂಬಿಕೆಗೆ ಕಾನೂನಿನ ಮೌನವೇ ಇಂಬು ಕೊಟ್ಟಂತಾಗಿದೆ.

5. ಜಾರಿ ಮತ್ತು ಅದರ ಎಲ್ಲೆ

ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಬುದ್ಧಿಮತ್ತೆಯ ಸಂಚಾರ ನಿರ್ವಹಣಾ ವ್ಯವಸ್ಥೆ ಆರಂಭವಾಯಿತು. ಅದರ ಕ್ಯಾಮೆರಾಗಳು ಸಿಗ್ನಲ್ ಜಿಗಿತ, ಹೆಲ್ಮೆಟ್ ಇಲ್ಲದ ಸವಾರಿ, ಮೂವರ ಸವಾರಿಯ ಜೊತೆಗೆ ಮೊಬೈಲ್ ಬಳಕೆಯನ್ನೂ ಗುರುತಿಸುತ್ತವೆ. ಪೊಲೀಸರು ಗಾಡಿ ಅಡ್ಡಗಟ್ಟದೆಯೇ ನೋಟಿಸು ಮಾಲೀಕರಿಗೆ ತಲುಪುತ್ತದೆ.

ಕ್ಯಾಮೆರಾಕ್ಕೂ ಎಲ್ಲೆಯಿದೆ. ದ್ವಿಚಕ್ರ ಸವಾರರಲ್ಲಿ ಎರಡು ಅಭ್ಯಾಸಗಳು ಬೇರೂರಿವೆ. ಕತ್ತು ಓರೆ ಮಾಡಿ ಹೆಗಲಿಗೂ ಕಿವಿಗೂ ನಡುವೆ ಫೋನು ಒತ್ತಿಹಿಡಿಯುವುದು ಒಂದು. ಹೆಲ್ಮೆಟ್ಟಿನೊಳಗೆ ಕೆನ್ನೆಗೆ ಒತ್ತುವಂತೆ ಅದನ್ನು ತುರುಕಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಸವಾರನ ನೋಟ ಒಂದೇ ಬದಿಗೆ ವಾಲಿ ಆಚೆ ಬದಿಯ ಕನ್ನಡಿ ಕಾಣುವುದಿಲ್ಲ. ಎರಡನೆಯದರಲ್ಲಿ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರದೆ, ಬಿದ್ದಾಗ ಕಾಯಬೇಕಾದ ಸಾಧನವೇ ಸಡಿಲಗೊಂಡಿರುತ್ತದೆ. ಹೆಲ್ಮೆಟ್ಟಿನೊಳಗಿನ ಫೋನು, ಕಿವಿಯೊಳಗಿನ ಇಯರ್‌ಬಡ್, ತೊಡೆಯ ಮೇಲಿನ ಪರದೆ ಕ್ಯಾಮೆರಾದ ಕಣ್ಣಿಗೆ ಬೀಳುವುದು ಕಷ್ಟ. ಜಂಕ್ಷನ್ ದಾಟಿದ ಮೇಲಿನ ಬಳಕೆಯಂತೂ ದಾಖಲಾಗುವುದೇ ಇಲ್ಲ.

6. ಫೋನೇ ದುಡಿಮೆಯ ಸಾಧನವಾದಾಗ

ಚಾಲನೆಯಲ್ಲಿ ಫೋನು ಮುಟ್ಟುವುದೆಲ್ಲ ಹರಟೆಗಾಗಿ ಎಂದು ಭಾವಿಸುವುದು ತಪ್ಪು. ಆಟೊ, ಕ್ಯಾಬ್, ಬೈಕ್ ಟ್ಯಾಕ್ಸಿ, ಆಹಾರ ತಲುಪಿಸುವ ಕೆಲಸಗಳು ಇಂದು ಆ್ಯಪ್ ಮೇಲೆ ನಿಂತಿವೆ. ಬಾಡಿಗೆ ಅಥವಾ ಆರ್ಡರ್ ಪರದೆಯ ಮೇಲೆ ಮೂಡಿದ ಕೆಲವೇ ಸೆಕೆಂಡುಗಳಲ್ಲಿ ಒಪ್ಪಿಕೊಳ್ಳದಿದ್ದರೆ ಅದು ಇನ್ನೊಬ್ಬರ ಪಾಲಾಗುತ್ತದೆ. ಆ ಹೊತ್ತಿಗೆ ಗಾಡಿ ತುಮಕೂರು ರಸ್ತೆಯ ಎಂಟನೇ ಮೈಲಿಯ ದಟ್ಟಣೆಯಲ್ಲಿದ್ದರೂ ಬೆರಳು ಪರದೆಗೆ ಹೋಗುತ್ತದೆ. ಜೊತೆಗೆ ‘ಎಲ್ಲಿದ್ದೀರಾ?’ ಎಂಬ ಗ್ರಾಹಕರ ಕರೆ, ಲಾರಿಯವರಿಗೆ ಮಾಲೀಕರ ಕರೆ, ಕಾರ್ಮಿಕರಿಗೆ ಮೇಲ್ವಿಚಾರಕರ ಕರೆ. ಪ್ರತಿ ಕರೆಗೂ ಎರಡು ತುದಿಗಳಿವೆ. ಕಾನೂನು ಕೇಳುವುದು ಒಂದು ತುದಿಯವರನ್ನು ಮಾತ್ರ.

ಆದ್ದರಿಂದ ಪರಿಹಾರವೂ ಎರಡೂ ತುದಿಗಳಲ್ಲಿ ಆಗಬೇಕು. ವಾಹನ ಚಲಿಸುತ್ತಿರುವುದನ್ನು ಫೋನಿನ ಜಿಪಿಎಸ್ ತಿಳಿಯಬಲ್ಲದು. ಹಾಗಿರುವಾಗ, ಗಾಡಿ ನಿಲ್ಲುವವರೆಗೆ ಹೊಸ ಬಾಡಿಗೆಯನ್ನು ತಡೆಹಿಡಿಯುವಂತೆ ಆ್ಯಪ್ ರೂಪಿಸುವುದು ತಾಂತ್ರಿಕವಾಗಿ ಸಾಧ್ಯ. ಚಾಲನೆಯಲ್ಲಿರುವ ನೌಕರರಿಗೆ ಕರೆ ಮಾಡಬಾರದೆಂಬ ನಿಯಮವನ್ನು ಕಾರ್ಖಾನೆಗಳೂ ಸಾಗಣೆ ಸಂಸ್ಥೆಗಳೂ ತಾವೇ ಮಾಡಿಕೊಳ್ಳಬಹುದು. ಮೆಟ್ರೊ ನಿಲ್ದಾಣ ಮತ್ತು ಸರ್ವಿಸ್ ರಸ್ತೆಯ ಬಳಿ ಕರೆ ಸ್ವೀಕರಿಸಲು ಕ್ಷಣಕಾಲ ನಿಲ್ಲುವ ಜಾಗ ಗುರುತಿಸಿದರೆ, ‘ನಿಲ್ಲಿಸಲು ಸ್ಥಳವಿಲ್ಲ’ ಎಂಬ ನಿಜವಾದ ತೊಡಕೂ ನೀಗುತ್ತದೆ.

7. ಸಮಾರೋಪ

ಚಾಲನೆಯಲ್ಲಿ ಮೊಬೈಲ್ ಬಳಕೆಯ ಅಪಾಯದ ಮೂಲ ಕೈಯಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬುದು ಕಾಲು ಶತಮಾನದ ಸಂಶೋಧನೆಯ ಒಟ್ಟು ಸಾರ. ಕೈಯನ್ನಷ್ಟೇ ನಿರ್ಬಂಧಿಸುವ ಕಾನೂನು, ಕೈಯನ್ನಷ್ಟೇ ಕಾಣುವ ಕ್ಯಾಮೆರಾ ಅರ್ಧ ಕೆಲಸ ಮಾಡುತ್ತವೆ. ಉಳಿದ ಅರ್ಧಕ್ಕೆ ಅಪಘಾತ ತನಿಖೆಯಲ್ಲಿ ಫೋನು ಬಳಕೆಯ ಪರಿಶೀಲನೆ ಕಡ್ಡಾಯವಾಗಬೇಕು, ಇಯರ್‌ಫೋನ್ ಸುರಕ್ಷಿತವೆಂಬ ನಂಬಿಕೆಯನ್ನು ಚಾಲನಾ ತರಬೇತಿಯ ಹಂತದಲ್ಲೇ ತೊಡೆಯಬೇಕು, ಚಾಲಕರಿಂದ ಕೆಲಸ ಪಡೆಯುವವರನ್ನು ಹೊಣೆಗಾರಿಕೆಯೊಳಗೆ ತರಬೇಕು. ಇವು ಆಗುವವರೆಗೂ ಒಂದು ಕೆಲಸ ಎಲ್ಲರ ಕೈಯಲ್ಲಿದೆ: ಗಾಡಿ ಓಡಿಸುತ್ತಿರುವವರಿಗೆ ಕರೆ ಮಾಡಿದ್ದೇವೆಂದು ತಿಳಿದ ಕೂಡಲೇ ಮಾತು ನಿಲ್ಲಿಸಿ ಫೋನು ಇಡಬೇಕು.