ಹಿತ್ತಾಳೆಯ ಪಾತ್ರೆಯೂ ಹಸುಗೂಸಿನ ಯಕೃತ್ತೂ

ಕಲಾಯಿಗಾರನು ಊರಿಗೆ ಬಂದು, ನೆಲದಲ್ಲಿ ಕುಳಿ ತೋಡಿ, ತಿದಿಯೊತ್ತಿ ಇದ್ದಿಲು ಹೊತ್ತಿಸಿ, ಕಾದ ಪಾತ್ರೆಯ ಒಳಮೈಗೆ ನವಸಾಗರವನ್ನು ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ತೀಡಿ ಹೊಳಪೇರಿಸಿ ಕೊಡುತ್ತಿದ್ದ ಕಾಲವನ್ನು ಕಂಡವರು ಈಗಲೂ ಉಂಟು. ಹುಳಿ ಮಜ್ಜಿಗೆಗಳು ಬರಿಯ ಹಿತ್ತಾಳೆಯಲ್ಲಿ ಕಿಲುಬೇರಿ ಕೆಡುವುವೆಂಬ ಅರಿವು ನಮ್ಮ ಗೃಹಿಣಿಯರಿಗೆ ಯಾವ ರಸಾಯನಶಾಸ್ತ್ರದ ನೆರವೂ ಇಲ್ಲದೆ ಪರಂಪರೆಯಿಂದಲೇ ಬಂದಿದ್ದಿತು. ಆದರೆ ಹಾಲು ಹುಳಿಯಲ್ಲ. ಆದುದರಿಂದ ಅದಕ್ಕೂ ಆ ಎಚ್ಚರಿಕೆ ಅವಶ್ಯವೆಂದು ಯಾರಿಗೂ ತೋರಲಿಲ್ಲ.

1887ರಲ್ಲಿ ಕಲ್ಕತ್ತೆಯ ಸೇನ್ ಎಂಬ ವೈದ್ಯರು ಶಿಶುಗಳ ಯಕೃತ್ತಿನ ಒಂದು ವಿಲಕ್ಷಣ ವ್ಯಾಧಿಯನ್ನು ವರ್ಣಿಸಿದರು. ಬಹುಮಟ್ಟಿಗೆ ಆರು ತಿಂಗಳಿನಿಂದ ಮೂರು ವರ್ಷದೊಳಗಿನ ಮಕ್ಕಳನ್ನೇ ಅದು ಹಿಡಿಯುತ್ತಿದ್ದಿತು. ಆಡುತ್ತಿದ್ದ ಕೂಸು ಕಾರಣವಿಲ್ಲದೆ ರಚ್ಚೆ ಹಿಡಿಯುವುದು, ಹಸಿವು ಕುಂದುವುದು, ಹೊಟ್ಟೆ ಮುಂದಾಗುವುದು, ಬಲಪಕ್ಕೆಯ ಕೆಳಗೆ ಕೈಯಿಟ್ಟು ನೋಡಿದರೆ ಎಲೆಯ ಅಂಚಿನಂತೆ ತೆಳುವೂ ಹರಿತವೂ ಆದ, ಆದರೆ ಕಠಿನವಾದ ಯಕೃತ್ತು ಬೆರಳಿಗೆ ತಾಗುವುದು, ಇವು ಮೊದಲ ಚಿಹ್ನೆಗಳು; ತರುವಾಯ ಪ್ಲೀಹವೂ ಬೆಳೆದು, ಕಾಮಾಲೆ ತಲೆದೋರಿ, ಜಲೋದರವಾಗಿ, ಕೊನೆಗೆ ರಕ್ತಸ್ರಾವದಿಂದಲೋ ಪ್ರಜ್ಞಾಶೂನ್ಯತೆಯಿಂದಲೋ ಮಗು ತೀರಿಕೊಳ್ಳುತ್ತಿದ್ದಿತು. ಮದ್ಯಪಾನಿಯ ಯಕೃತ್ತು ಗಡುಸಾಗಲು ದಶಕಗಳು ಬೇಕು. ಈ ಶಿಶುಗಳಲ್ಲಿ ಆ ದೂರವೆಲ್ಲ ಕೆಲವೇ ತಿಂಗಳುಗಳಲ್ಲಿ ಕ್ರಮಿಸಿಹೋಗುತ್ತಿದ್ದಿತು.

ಒಂದು ಮಗು ಹೋದ ಮನೆಯಲ್ಲಿ ಅದರ ತಮ್ಮನೋ ತಂಗಿಯೋ ಅದೇ ವಯಸ್ಸಿಗೆ ಅದೇ ಬಗೆಯಲ್ಲಿ ಹೋಗುವುದನ್ನು ಕಂಡ ಹಿರಿಯರು ಗ್ರಹಚಾರವೆಂದರು, ವಂಶದೋಷವೆಂದರು. ಮದರಾಸಿನ ಜಮ್ಮಿಯವರ ಲಿವರ್ ಕ್ಯೂರ್ ಎಂಬ ಔಷಧ ಮನೆಮಾತಾದುದು ಈ ಭಯದ ನಡುವೆಯೇ. ವಿದ್ವಾಂಸರ ಊಹೆಗಳೂ ಅನೇಕ; 1971ರಲ್ಲಿ ಮೈಸೂರಿನ ಸಂಶೋಧಕರು, ಬೂಷ್ಟು ಹಿಡಿದ ಕಡಲೆಕಾಯಿ ಹಿಟ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಮಕ್ಕಳ ಯಕೃತ್ತಿನ ಹಾನಿಯೊಡನೆ ಸಂಬಂಧಿಸಿ ಬರೆದರು. ಊಹೆ ವಿಚಾರಾರ್ಹವೇ ಆಗಿದ್ದರೂ ದೇಶದ ಉದ್ದಗಲಕ್ಕೆ ಹರಡಿದ್ದ ಈ ವ್ಯಾಧಿಯನ್ನು ವಿವರಿಸಲು ಅದು ಸಾಲದಾಯಿತು.

ತಾಮ್ರವೆಂಬ ಉತ್ತರ ಹೊಳೆದುದು ಎಪ್ಪತ್ತರ ದಶಕದ ಕೊನೆಗೆ, ರೋಗಗ್ರಸ್ತ ಯಕೃತ್ತಿನ ತುಣುಕುಗಳಲ್ಲಿ ಆ ಲೋಹವು ಸಹಜಪ್ರಮಾಣವನ್ನು ಬಹುವಾಗಿ ಮೀರಿ ಸಂಚಯಗೊಂಡಿರುವುದು ಕಂಡಾಗ. ಇಂಗ್ಲೆಂಡಿನ ಟ್ಯಾನರ್ ಅವರೂ ಪುಣೆಯ ಭಾವೆ, ಪಂಡಿತ್ ಮೊದಲಾದ ವೈದ್ಯರೂ ಸೇರಿ 1983ರಲ್ಲಿ ಪ್ರಕಟಿಸಿದ ಲೇಖನವು, ಎಳವೆಯಲ್ಲಿಯೇ ಮೇಲುಹಾಲಿಗೆ ಹಾಕಿದ ಶಿಶುಗಳಿಗೆ ಆ ಹಾಲನ್ನು ಹಿತ್ತಾಳೆ ತಾಮ್ರಗಳ ಪಾತ್ರೆಗಳಲ್ಲಿ ಕಾಯಿಸಿ ಇರಿಸುತ್ತಿದ್ದುದರ ಕಡೆಗೆ ಬೆರಳು ತೋರಿತು. ಹಾಲಿನಲ್ಲಿರುವ ಕೇಸೀನ್ ಎಂಬ ಸಸಾರಜನಕವು ತಾಮ್ರವನ್ನು ತನ್ನೊಡನೆ ಬಂಧಿಸಿಕೊಳ್ಳುತ್ತದೆ. ಅದಕ್ಕೆ ಹುಳಿಯ ಹಂಗಿಲ್ಲ, ಕಿಲುಬಿನ ರುಚಿಯೂ ನಾಲಗೆಗೆ ತಿಳಿಯದು. ಹುಟ್ಟುವಾಗಲೇ ಯಕೃತ್ತಿನಲ್ಲಿ ತಾಮ್ರವನ್ನು ತುಂಬಿಕೊಂಡು ಬಂದ ಕೂಸು, ಮೇಲಿಂದ ಬಂದುದನ್ನು ಪಿತ್ತದ ಮೂಲಕ ಹೊರಹಾಕಲಾರದೆ ಹೋಗುತ್ತದೆ. ಅದೇ ಹಾಲು ಕುಡಿದ ಎಲ್ಲ ಮಕ್ಕಳಿಗೂ ರೋಗ ಬರಲಿಲ್ಲವಾದುದರಿಂದ ಜನ್ಮದತ್ತವಾದ ಯಾವುದೋ ದೌರ್ಬಲ್ಯವೂ ಕೂಡಿರಬೇಕೆಂಬ ವಾದವುಂಟು. ಅದು ನನಗೆ ಯುಕ್ತವೆಂದೇ ತೋರುತ್ತದೆ.

ಆಸ್ಟ್ರಿಯಾದ ಟಿರೋಲ್ ಪ್ರಾಂತದ ವೃತ್ತಾಂತ 1996ರಲ್ಲಿ ಬೆಳಕಿಗೆ ಬಂದಿತು: 1900ರಿಂದ 1974ರವರೆಗೆ ಅಲ್ಲಿ 138 ಶಿಶುಗಳು ಇಂತಹುದೇ ವ್ಯಾಧಿಗೆ ತುತ್ತಾಗಿದ್ದುವು, ಅಲ್ಲಿಯೂ ಸಕ್ಕರೆ ಬೆರೆಸಿದ ಹಸುವಿನ ಹಾಲನ್ನು ಕಲಾಯಿಯಿಲ್ಲದ ತಾಮ್ರದ ಪಾತ್ರೆಗಳಲ್ಲಿ ಕಾಯಿಸುತ್ತಿದ್ದರು, ಪಾತ್ರೆ ಬದಲಾದೊಡನೆ ರೋಗ ಕಣ್ಮರೆಯಾಯಿತು. ನಮ್ಮಲ್ಲಿ ಅದೇ ಉಪಕಾರವನ್ನು ಬಹುಮಟ್ಟಿಗೆ ಮಾಡಿದುದು ಸ್ಟೀಲಿನ ಪಾತ್ರೆ. ತೊಳೆಯಲು ಸುಲಭ, ಕಲಾಯಿಯ ಖರ್ಚಿಲ್ಲ ಎಂದು ಅದನ್ನು ಕೊಂಡ ತಾಯಂದಿರಲ್ಲಿ ಎಷ್ಟು ಮಂದಿಗೆ ತಾವು ಮಗುವಿನ ಪ್ರಾಣವನ್ನು ಉಳಿಸಿಕೊಳ್ಳುತ್ತಿರುವುದು ಗೊತ್ತಿದ್ದಿತೋ! ಈಗ ಹಳೆಯ ಲೋಹಗಳು ಆರೋಗ್ಯದ ಹೆಸರಿನಲ್ಲಿ ಅಂಗಡಿಗಳಿಗೆ ಮರಳಿವೆ. ಅಲಂಕಾರಕ್ಕೆ ಇರಲಿ, ಪೂಜೆಗೆ ಇರಲಿ; ಕೂಸಿನ ಹಾಲನ್ನು ಮಾತ್ರ ದಯವಿಟ್ಟು ಅವುಗಳಲ್ಲಿ ಕಾಯಿಸಬೇಡಿರಿ.