ಹಿಂದಕ್ಕೆ ತಿರುಗಿದ ಮೀಟರು

ಹಳೆಯ ಮನೆಗಳ ಗೋಡೆಯಲ್ಲಿದ್ದ ವಿದ್ಯುತ್ ಮೀಟರಿನೊಳಗೆ ಅಲ್ಯೂಮಿನಿಯಂ ತಟ್ಟೆಯೊಂದು ಮೆಲ್ಲನೆ ಸುತ್ತುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಅದರ ಓಟ ಬಿರುಸಾಗುತ್ತಿತ್ತು, ದೀಪ ಆರಿಸಿದರೆ ನಿಧಾನವಾಗುತ್ತಿತ್ತು. ಆದರೆ ಅದು ಸುತ್ತುತ್ತಿದ್ದುದು ಒಂದೇ ದಿಕ್ಕಿಗೆ. ಆ ತಟ್ಟೆ ಹಿಂದಕ್ಕೆ ತಿರುಗಿ, ಏರಿದ ಅಂಕಿ ಇಳಿಯುವಂತಾದರೆ?

1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ನಡೆದದ್ದು ಇದೇ. ಅಲ್ಲಿನ ಒಂದು ವಸತಿ ಸಮುಚ್ಚಯ ಹಾಗೂ ಒಂದು ಪ್ರಾಯೋಗಿಕ ಮನೆಯ ಮೇಲೆ ಸೌರ ಫಲಕಗಳನ್ನು ಹೊದಿಸಲಾಗಿತ್ತು. ಬಿಸಿಲೇರಿದಾಗ ಬಳಸಿ ಮಿಕ್ಕ ವಿದ್ಯುತ್ತು ಬೀದಿಯ ತಂತಿಗೆ ಹರಿಯಿತು. ಮೀಟರು ಹಿಮ್ಮುಖವಾಗಿ ಓಡಿತು. ಸೂರ್ಯನ ಬಿಸಿಲು ಗೃಹಸ್ಥನ ತಿಂಗಳ ಖರ್ಚಿನ ಲೆಕ್ಕಕ್ಕೆ ಸೇರಿದ್ದು ಹೀಗೆ. ತಾರಸಿಯ ಮೇಲೆ ಫಲಕ ಹಾಕಿಸಿದರೆ ಬಿಲ್ಲು ತಾನಾಗಿ ಇಳಿಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಎಷ್ಟು ಇಳಿಯುತ್ತದೆ ಎಂಬುದನ್ನು ಫಲಕದಷ್ಟೇ ಮೀಟರಿನ ಲೆಕ್ಕವೂ ನಿರ್ಧರಿಸುತ್ತದೆ ಎಂಬುದನ್ನು ಈ ನಾಲ್ಕೂವರೆ ದಶಕಗಳ ಚರಿತ್ರೆ ತೋರಿಸಿಕೊಡುತ್ತದೆ.

ಬೆಳಕು ಬಿದ್ದಾಗ ವಿದ್ಯುತ್ತು ಹುಟ್ಟುವ ಸಂಗತಿಯನ್ನು ಫ್ರಾನ್ಸಿನ ಎಡ್ಮಂಡ್ ಬೆಕರಲ್ 1839ರಲ್ಲೇ ಕಂಡುಕೊಂಡಿದ್ದ. ಆಗ ಅವನಿಗೆ 19 ವರ್ಷ. ಆದರೆ ಉಪಯೋಗಕ್ಕೆ ಬರುವ ಸೌರಕೋಶ ಸಿದ್ಧವಾಗಲು 1954ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆರಿಲ್ ಚೇಪಿನ್, ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ ತಯಾರಿಸಿದ ಸಿಲಿಕಾನ್ ಕೋಶ, ಬಿದ್ದ ಬಿಸಿಲಿನ ಸುಮಾರು ಶೇ 6ರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸಿತು.

ಪತ್ರಿಕೆಗಳು ಹೊಗಳಿದವು. ಆದರೆ ಸ್ವತಃ ಚೇಪಿನ್ 1956ರಲ್ಲಿ ಲೆಕ್ಕ ಹಾಕಿ ನೋಡಿದಾಗ ಒಂದು ವ್ಯಾಟ್ ಕೋಶಕ್ಕೆ 286 ಡಾಲರ್ ತಗಲುತ್ತಿತ್ತು. ಆ ದರದಲ್ಲಿ ಒಂದು ಸಾಮಾನ್ಯ ಮನೆಗೆ ಬೇಕಾದ ಫಲಕಗಳಿಗೆ ಸುಮಾರು 14.3 ಲಕ್ಷ ಡಾಲರ್! ಹೀಗಾಗಿ ಸೌರಕೋಶ ಮನೆಗೆ ಬರುವ ಮೊದಲು ಆಕಾಶಕ್ಕೆ ಹೋಯಿತು. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹ ಅದನ್ನು ಹೊತ್ತೊಯ್ದಿತು. 1973ರ ತೈಲ ಬಿಕ್ಕಟ್ಟಿನ ನಂತರವೇ ಮನೆಯ ಮಾಡಿನ ಕಡೆಗೆ ತಜ್ಞರ ಗಮನ ಹರಿದದ್ದು. ಈಗ ಒಂದು ವ್ಯಾಟಿನ ಫಲಕ ಒಂದು ಡಾಲರಿನ ಸಣ್ಣ ಅಂಶಕ್ಕೇ ದೊರೆಯುತ್ತದೆ.

ಬೆಲೆ ಇಳಿದರೂ ಒಂದು ತೊಡಕು ಉಳಿದೇ ಇತ್ತು. ಬಿಸಿಲು ಇರುವುದು ಹಗಲಿನಲ್ಲಿ. ಮನೆಮಂದಿ ದೀಪ, ಟಿ.ವಿ., ಫ್ಯಾನು ಹಚ್ಚುವುದು ಸಂಜೆಯ ಮೇಲೆ. ಹಗಲಿನದನ್ನು ಕೂಡಿಡಲು ಬ್ಯಾಟರಿ ಬೇಕು, ಅದು ದುಬಾರಿ. ಮೆಸಾಚುಸೆಟ್ಸಿನ ಮೀಟರು ಇದಕ್ಕೊಂದು ದಾರಿ ತೋರಿತು. ಊರಿನ ವಿದ್ಯುತ್ ಜಾಲವನ್ನೇ ಕಣಜ ಎಂದುಕೊಳ್ಳುವುದು. ಮಧ್ಯಾಹ್ನ ಒಂದು ಯೂನಿಟ್ ಹಾಕಿ, ರಾತ್ರಿ ಒಂದು ಯೂನಿಟ್ ತೆಗೆಯುವುದು. 1983ರಲ್ಲಿ ಮಿನ್ನೆಸೋಟ ರಾಜ್ಯ ಇದನ್ನು ಕಾನೂನಾಗಿಸಿತು. 'ನೆಟ್ ಮೀಟರಿಂಗ್' ಎಂಬ ಪದ್ಧತಿ ಅಲ್ಲಿಂದ ಬೇರೆಡೆಗೆ ಹಬ್ಬಿತು.

ಜರ್ಮನಿ ಬೇರೆ ದಾರಿ ಹಿಡಿಯಿತು. ಅಲ್ಲಿ 2000ದ ಕಾನೂನು ಜಾಲಕ್ಕೆ ಕೊಟ್ಟ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 99 ಫೆನಿಗ್‌ಗಳ ಉದಾರ ದರವನ್ನು 20 ವರ್ಷಗಳ ಕಾಲ ಖಾತರಿಗೊಳಿಸಿತು. ಅಲ್ಲಿನ ಗೃಹಸ್ಥ ಉಳಿಸುವವನಾಗಿರಲಿಲ್ಲ, ಮಾರುವವನಾದ.

ಆದರೆ ಕಣಜವನ್ನು ಕಾಯುವವರಾರು? ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ಖರ್ಚು ಯಾರದು? ಕೆಲವೇ ಮನೆಗಳಿದ್ದಾಗ ಯಾರೂ ಕೇಳದ ಈ ಪ್ರಶ್ನೆ, ಕ್ಯಾಲಿಫೋರ್ನಿಯಾದಲ್ಲಿ ಫಲಕಗಳು ಲಕ್ಷಗಟ್ಟಲೆ ಮನೆಗಳ ಮೇಲೇರಿದಾಗ ಎದ್ದು ನಿಂತಿತು. ಮಧ್ಯಾಹ್ನ ಬೇಡದಷ್ಟು ವಿದ್ಯುತ್ತು, ಸೂರ್ಯ ಮುಳುಗಿದೊಡನೆ ದಿಢೀರ್ ಬೇಡಿಕೆ. ಸ್ವಂತ ಮನೆಯಿಲ್ಲದ ಬಾಡಿಗೆದಾರರು ಮತ್ತು ಬಡವರ ಮೇಲೆ ಜಾಲದ ಹೊರೆ ಬೀಳುತ್ತಿದೆ ಎಂದು ವಿದ್ಯುತ್ ಕಂಪನಿಗಳು ವಾದಿಸಿದವು. ತಾರಸಿಯ ವಿದ್ಯುತ್ತಿನಿಂದ ಹೊಸ ಸ್ಥಾವರಗಳ ಅಗತ್ಯವೇ ತಗ್ಗುತ್ತದೆಂದು ಸೌರಶಕ್ತಿಯ ಪರವಾದವರು ಉತ್ತರಿಸಿದರು. ಕೊನೆಗೆ 2023ರ ಏಪ್ರಿಲ್‌ನಿಂದ, ಹೊಸದಾಗಿ ಸೇರುವವರು ಜಾಲಕ್ಕೆ ಕೊಡುವ ವಿದ್ಯುತ್ತಿನ ಬೆಲೆಯನ್ನು ಸರಾಸರಿ ಮುಕ್ಕಾಲು ಪಾಲಿನಷ್ಟು ಕಡಿತಗೊಳಿಸಲಾಯಿತು. ಜರ್ಮನಿಯ ಉದಾರ ದರವೂ ವರ್ಷದಿಂದ ವರ್ಷಕ್ಕೆ ಕರಗಿತು.

ಕರ್ನಾಟಕದ ಕಥೆಯೂ ಹೆಚ್ಚು ಭಿನ್ನವಲ್ಲ. 2013ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಬ್ಸಿಡಿ ಪಡೆಯದ ತಾರಸಿ ಘಟಕಗಳ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತು. ಮನೆಯವರು ಕೊಳ್ಳುವ ದರಕ್ಕಿಂತ ಮಾರುವ ದರವೇ ಹೆಚ್ಚು! ಫಲಕದ ಬೆಲೆ ಇಳಿದಂತೆ ನಂತರ ಬಂದವರಿಗೆ ಈ ದರವೂ ಇಳಿಯಿತು. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ಕೇಂದ್ರದ 'ಸೂರ್ಯ ಘರ್' ಯೋಜನೆ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಘೋಷಿಸಿತು. ಇತ್ತ 2023ರಲ್ಲಿ ಜಾರಿಗೆ ಬಂದ ರಾಜ್ಯದ 'ಗೃಹಜ್ಯೋತಿ' 200 ಯೂನಿಟ್ಟಿನ ಮಿತಿಯೊಳಗೆ ಉಚಿತ ವಿದ್ಯುತ್ ನೀಡಿತು. ಬಿಲ್ಲೇ ಬಾರದ ಮನೆಗೆ ಫಲಕದಿಂದ ಉಳಿಯುವ ಹಣ ಯಾವುದು? ಲಾಭ ಕಾಣುವುದು ಹೆಚ್ಚು ಬಳಸುವ ಮನೆಗೆ ಮಾತ್ರ.

ಹಾಗಿದ್ದರೆ ಫಲಕ ಹಾಕಿಸುವವರು ಗಮನಿಸಬೇಕಾದುದೇನು? ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಇದ್ದರೆ ತಿಂಗಳಿಗೆ ಸುಮಾರು 360. ಮನೆಯ ಬಳಕೆ 200 ಇದ್ದರೆ ಮಿಕ್ಕಿದ್ದನ್ನು ಕಡಿಮೆ ದರಕ್ಕೆ ಒಪ್ಪಿಸಬೇಕಾಗುತ್ತದೆ. ಆದ್ದರಿಂದ ತಾರಸಿಯನ್ನಲ್ಲ, ಹಿಂದಿನ ವರ್ಷದ ಬಿಲ್ಲುಗಳನ್ನು ಅಳೆದು ಫಲಕ ಕೊಳ್ಳುವುದು ಜಾಣತನ. ಮಂಜೂರಾದ ಹೊರೆಗೆ ವಿಧಿಸುವ ನಿಗದಿತ ಶುಲ್ಕ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಬ್ಯಾಟರಿ ಇಲ್ಲದ ಘಟಕ, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿಗೆ ನಿಂತ ಲೈನ್‌ಮನ್‌ಗೆ ಅಪಾಯವಾಗದಿರಲೆಂದೇ ಈ ಏರ್ಪಾಡು.

ಎಲ್ಲಕ್ಕಿಂತ ಅಗ್ಗದ ಯೂನಿಟ್ ಎಂದರೆ ಬಳಸದೆ ಉಳಿದದ್ದು. 2 ಕಿಲೋವ್ಯಾಟಿನ ಗೀಸರು ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಬೆಂಗಳೂರು, ಮೈಸೂರುಗಳ ತಾರಸಿಯ ಮೇಲೆ ದಶಕಗಳಿಂದ ಕಾಣುವ ಸೌರ ನೀರು ಕಾಯಿಸುವ ಸಾಧನ ಇದರ ಬಹುಪಾಲನ್ನು ಉಳಿಸುತ್ತದೆ. ಹಗಲಿನ ಬಿಸಿಲನ್ನು ಅದು ಬಿಸಿನೀರಾಗಿ ಕೂಡಿಡುತ್ತದೆ. ಅದಕ್ಕೆ ಯಾವ ಮೀಟರಿನ ಲೆಕ್ಕವೂ ಬೇಡ, ಯಾರ ದರ ನಿಗದಿಯೂ ಬೇಡ.

ಜಗತ್ತಿನ ಹಲವೆಡೆ ಕಣಜದ ನಿಯಮ ಬಿಗಿಯಾಗುತ್ತಿರುವುದರಿಂದ, ಉತ್ಪಾದನೆಯಾದ ಹೊತ್ತಿನಲ್ಲೇ ಬಳಸುವವನಿಗೆ ಉಳಿತಾಯ ಹೆಚ್ಚು. ನೀರೆತ್ತುವ ಪಂಪು, ಬಟ್ಟೆ ಒಗೆಯುವ ಯಂತ್ರ, ಮಿಕ್ಸಿ, ಇಸ್ತ್ರಿ ಇವೆಲ್ಲ ರಾತ್ರಿಯಿಂದ ಮಧ್ಯಾಹ್ನಕ್ಕೆ ಸರಿಯಬಲ್ಲ ಕೆಲಸಗಳು. ಗಾಳಿ ಬಂದಾಗ ತೂರಿಕೋ ಎಂದರು ಕಣದಲ್ಲಿ ನಿಂತ ಹಿರಿಯರು. ಹಪ್ಪಳ, ಸಂಡಿಗೆ ಇಡುವ ಗೃಹಿಣಿಗೂ ಬಿಸಿಲಿನ ವೇಳಾಪಟ್ಟಿ ಹೊಸದಲ್ಲ. ಅದೇ ತಾರಸಿಯ ಮೇಲೆ ಈಗ ಫಲಕ ಕುಳಿತಿದೆ. ಪಂಪಿನ ಸ್ವಿಚ್ಚೂ ಆ ವೇಳಾಪಟ್ಟಿಗೆ ಹೊಂದಿಕೊಳ್ಳಬೇಕಾಗಿದೆ.